ಕಾಫಿ ಕಣದಲ್ಲಿ ನನ್ನ ತೂಕ

ತೂಕ ಇಳಿಸಲು ಹೊರಟವರಿಗೆ ಬೇರೆ ಊರುಗಳಲ್ಲಿ ಏನೇನಾಗುತ್ತದೋ ನನಗೆ ಗೊತ್ತಿಲ್ಲ. ಕೊಡಗಿನಲ್ಲಿ ಮಾತ್ರ ಅದು ಒಬ್ಬರೇ ಮಾಡುವ ಕೆಲಸವಲ್ಲ. ಮನೆಯವರು, ನೆರೆಯವರು, ಬಂದ ಗೆಸ್ಟುಗಳು, ದಾರಿಯಲ್ಲಿ ಹೋಗುವ ಜೀಪಿನವರು, ಎಲ್ಲರೂ ಒಂದೊಂದು ಕೈ ಹಾಕುತ್ತಾರೆ. ಹಾಕುವುದು ವಿರುದ್ಧ ದಿಕ್ಕಿನಲ್ಲಿ, ಅಷ್ಟೇ.

ಕಕ್ಕಬೆಯ ಹತ್ತಿರ ನಮ್ಮದೊಂದು ಕಾಫಿ ತೋಟ, ತೋಟದೊಳಗೆ ಮೂರು ಕೋಣೆಯ ಹೋಂಸ್ಟೇ. ಲೆಕ್ಕ ನಮ್ಮ ಮನೆಯವರದು, ಅಡುಗೆ ನನ್ನದು. ಇಷ್ಟು ಹೇಳಿದರೆ ನನ್ನ ತೂಕದ ಕಥೆ ಅರ್ಧ ಹೇಳಿದ ಹಾಗೆಯೇ.

ಡಾಕ್ಟರಮ್ಮನ ಗಡುವು

ಕಾಲು ನೋವು ಅಂತ ವಿರಾಜಪೇಟೆಯ ಡಾಕ್ಟರಮ್ಮನ ಹತ್ತಿರ ಹೋದೆ. ಅವರು ಕಾಲು ಬಿಟ್ಟು ಉಳಿದದ್ದೆಲ್ಲ ನೋಡಿದರು. ತೂಕ ಎಪ್ಪತ್ತೆಂಟು. ಶುಗರ್ ಗೆರೆಯ ಮೇಲೆ ನಿಂತಿದೆ, ಯಾವ ಕಡೆಗೆ ಹಾರುವುದು ಅಂತ ಯೋಚಿಸುತ್ತಾ.

"ಮೂರು ತಿಂಗಳು ಟೈಮ್ ಕೊಡ್ತೀನಿ. ಐದು ಕೆಜಿ ಇಳಿಸ್ಕೊಂಡು ಬನ್ನಿ. ಇಲ್ಲಾಂದ್ರೆ ಮಾತ್ರೆ ಶುರು ಮಾಡೋಣ," ಅಂದರು.

ಮಾತ್ರೆ ಅಂದರೆ ನನಗೆ ಭಯ. ನನ್ನ ತವರಿನ ಅಮ್ಮ ಕೂಡ ಒಂದೇ ಒಂದು ಮಾತ್ರೆಯಿಂದ ಶುರು ಮಾಡಿದವರು. ಈಗ ಅವರ ಮಾತ್ರೆ ಡಬ್ಬಿ ನೋಡಿದರೆ ನನ್ನ ಒಗ್ಗರಣೆ ಡಬ್ಬಿಯ ಹಾಗಿದೆ, ಒಂದೊಂದು ಗುಳಿಯಲ್ಲಿ ಒಂದೊಂದು ಬಣ್ಣ. ನಲವತ್ತಾರಕ್ಕೇ ಆ ಡಬ್ಬಿ ಕೊಳ್ಳುವ ಮನಸ್ಸು ನನಗಿರಲಿಲ್ಲ. ಏನಾದರಾಗಲಿ, ಮಾತ್ರೆ ತಪ್ಪಿಸಲೇಬೇಕು ಅಂತ ಅಲ್ಲೇ ಕುರ್ಚಿಯಲ್ಲಿ ಕೂತು ಗಟ್ಟಿ ಮಾಡಿಕೊಂಡೆ.

ಇದನ್ನೆಲ್ಲ ಹೇಳಿದ ಡಾಕ್ಟರಮ್ಮ ನನ್ನ ವಯಸ್ಸಿನವರೇ, ಗಾತ್ರದಲ್ಲಿ ನನಗಿಂತ ಒಂದು ಕೈ ಹೆಚ್ಚೇ. ಅದನ್ನು ನಾನು ಗಮನಿಸಿದೆ. ನಾನು ಗಮನಿಸಿದ್ದನ್ನು ಅವರೂ ಗಮನಿಸಿದರು. ಕೂಡಲೇ ಪೆನ್ನು ಎತ್ತಿಕೊಂಡರು.

"ದಿನಾ ಏನೇನು ತಿಂತೀರಿ, ಹೇಳಿ."

ಹೇಳಿದೆ. ಬೆಳಿಗ್ಗೆ ಅಕ್ಕಿರೊಟ್ಟಿ ಅಥವಾ ನೂಪುಟ್ಟು, ಅಂದರೆ ಒತ್ತು ಶಾವಿಗೆ, ಜೊತೆಗೆ ಕೋಳಿ ಸಾರು. ಮಧ್ಯಾಹ್ನ ಅನ್ನ, ಪಲ್ಯ, ಮೀನು. ರಾತ್ರಿ ಅಕ್ಕಿತರಿಯ ಉಂಡೆ ಕಡಂಬುಟ್ಟು, ಹಂದಿಮಾಂಸದ ಪಂದಿ ಕರಿ. ನಡುವೆ ಬೆಲ್ಲದ ಕಾಫಿ, ಅದರ ಜೊತೆ ಏನಾದರೂ.

ಅವರು ಪೆನ್ನು ಕೆಳಗಿಟ್ಟರು. "ರೀ, ನಾನು ಕೇಳಿದ್ದು ನಿಮ್ಮ ಊಟ. ನೀವು ಹೇಳ್ತಿರೋದು ಹೋಂಸ್ಟೇ ಮೆನು."

"ಎರಡೂ ಒಂದೇ ಡಾಕ್ಟ್ರೇ. ರುಚಿ ನೋಡದೆ ಬಡಿಸೋಕಾಗುತ್ತಾ?"

"ರುಚಿ ನೋಡೋಕೆ ಒಂದು ಚಮಚ ಸಾಕಲ್ವಾ?"

"ಉಪ್ಪು ಗೊತ್ತಾಗೋಕೆ ಸಾಕು. ಬೆಂದಿದೆಯಾ ಅಂತ ಗೊತ್ತಾಗೋಕೆ ತಟ್ಟೆಯೇ ಬೇಕು."

ಒಂದೇ ಒಂದು ರೊಟ್ಟಿ

ಮನೆಗೆ ಬಂದು ಹೊಸ ಕಾನೂನು ಹೊರಡಿಸಿದೆ. ಕಾಫಿಗೆ ಬೆಲ್ಲ ಇಲ್ಲ. ಅರ್ಧ ತಟ್ಟೆ ತರಕಾರಿ. ರಾತ್ರಿ ಏಳಕ್ಕೇ ಊಟ, ಊಟಕ್ಕೆ ಒಂದೇ ರೊಟ್ಟಿ.

ನಮ್ಮ ಮನೆಯವರು "ಸರಿ" ಅಂದರು. ಅವರು ಎಲ್ಲದಕ್ಕೂ ಸರಿ ಅನ್ನುತ್ತಾರೆ, ಅದು ಲೆಕ್ಕಕ್ಕಿಲ್ಲ. ಅಡಚಣೆ ಬಂದದ್ದು ಅತ್ತೆಯಿಂದ. ನಮ್ಮ ಅರೆಭಾಷೆಯಲ್ಲಿ ಹುಡುಗಿಗೆ ಗೂಡೆ ಅನ್ನುತ್ತೇವೆ. ನನ್ನ ತಲೆಯಲ್ಲಿ ಬಿಳಿ ಕೂದಲು ಬಂದರೂ ಅತ್ತೆಗೆ ನಾನು ಇನ್ನೂ ಗೂಡೆಯೇ.

"ಎಂತ ಗೂಡೆ ಇದು? ಸೊಸೆ ಸೊರಗಿದರೆ ಊರವರು ಯಾರನ್ನ ಬೈಯೋದು? ಡಾಕ್ಟ್ರನ್ನಾ? ನನ್ನನ್ನ!"

"ಅತ್ತೆ, ಎಪ್ಪತ್ತೆಂಟು ಕೆಜಿ ಇದ್ದೀನಿ. ಸೊರಗೋಕೆ ಇನ್ನೂ ತುಂಬಾ ಟೈಮ್ ಉಂಟು."

ಬಹಳ ಹೊತ್ತಿನ ಮಾತುಕತೆಯ ನಂತರ ಒಪ್ಪಿದರು. ಒಂದು ಅಂದರೆ ಒಂದು, ಎರಡನೆಯದನ್ನು ತಟ್ಟೆಗೆ ಹಾಕುವುದಿಲ್ಲ ಅಂತ ಮಾತು ಕೊಟ್ಟರು. ಅತ್ತೆ ಕೊಟ್ಟ ಮಾತಿಗೆ ತಪ್ಪುವವರಲ್ಲ.

ಆ ರಾತ್ರಿ ತಟ್ಟೆ ಕಾಣಲಿಲ್ಲ. ಅದರ ಮೇಲೆ, ಅದರ ಅಂಚನ್ನೂ ದಾಟಿ, ಮೊರದಷ್ಟು ಅಗಲದ ರೊಟ್ಟಿಯೊಂದು ಮಲಗಿತ್ತು. ದಪ್ಪ ಮಾತ್ರ ನಮ್ಮ ಮನೆ ಕಂಬಳಿಯಷ್ಟು.

"ಅತ್ತೆ, ಇದೆಂತದ್ದು?"

"ಒಂದೇ ಅಂದ್ಯಲ್ಲ, ಒಂದೇ ಮಾಡಿದ್ದೇನೆ. ಲೆಕ್ಕ ಹಾಕ್ಕೋ."

ತಿನ್ನದ ಯಜಮಾನಿ

ಅತ್ತೆಯನ್ನು ಹೇಗೋ ಸಣ್ಣ ಕಾವಲಿಗೆ ಇಳಿಸಿದೆ. ಮೊದಲ ವಾರ ಚೆನ್ನಾಗಿಯೇ ಹೋಯಿತು. ಎರಡನೇ ವಾರ ಮೈಸೂರಿನಿಂದ ಒಬ್ಬ ನಿವೃತ್ತ ಮೇಷ್ಟ್ರು, ಅವರ ಹೆಂಡತಿ ಬಂದರು.

ನಮ್ಮಲ್ಲಿ ಗೆಸ್ಟುಗಳೂ ನಾವೂ ಒಂದೇ ಮೇಜಿನಲ್ಲಿ ಊಟ ಮಾಡುವುದು. ಅವರಿಗೆ ಕಡಂಬುಟ್ಟು, ಕಾಚಂಪುಳಿಯ ಹುಳಿ ಹಾಕಿ ಕಪ್ಪಾಗಿಸಿದ ಪಂದಿ ಕರಿ ಬಡಿಸಿದೆ. ನನ್ನ ತಟ್ಟೆಗೆ ಬೇಯಿಸಿದ ಬೀನ್ಸ್, ಸೌತೆಕಾಯಿ, ಒಂದು ಮೊಟ್ಟೆ ಹಾಕಿಕೊಂಡು ಕೂತೆ.

ಮೇಷ್ಟ್ರು ತುತ್ತು ಎತ್ತಿದವರು ಬಾಯಿಯ ಹತ್ತಿರ ನಿಲ್ಲಿಸಿದರು. ನನ್ನ ತಟ್ಟೆ ನೋಡಿದರು. ತಮ್ಮ ತಟ್ಟೆ ನೋಡಿದರು. ತುತ್ತು ಕೆಳಗಿಟ್ಟರು.

"ನೀವು ಇದನ್ನ ತಿನ್ನಲ್ವೇನಮ್ಮಾ?"

"ಇಲ್ಲ ಸರ್, ನಾನು ಈಗ ಸ್ವಲ್ಪ..."

"ಹೋಟೆಲಿನವರು ಅವರ ಹೋಟೆಲಲ್ಲಿ ಊಟ ಮಾಡಲ್ಲ ಅಂತ ಕೇಳಿದ್ದೆ. ಕಣ್ಣಾರೆ ಕಂಡಿದ್ದು ಇವತ್ತೇ," ಅಂತ ಹೆಂಡತಿಗೆ ಹೇಳಿದರು, ನನಗೆ ಕೇಳುವ ಹಾಗೆ. ಅವರ ಹೆಂಡತಿ ಆಗಲೇ ನೀರು ಕುಡಿದು ಕೈ ಒರೆಸಿಕೊಳ್ಳುತ್ತಿದ್ದರು.

ಡಯಟ್ ಅಂದೆ, ಡಾಕ್ಟರ್ ಅಂದೆ. ಮೇಷ್ಟ್ರು ಮೂವತ್ತು ವರ್ಷ ಹುಡುಗರ ಸಬೂಬು ಕೇಳಿದವರು, ತಲೆ ಅಲ್ಲಾಡಿಸುತ್ತಾ ಕೂತರು. ಹೋಂಸ್ಟೇ ಮರ್ಯಾದೆಯ ಪ್ರಶ್ನೆ. ಒಂದು ತುಂಡು ಬಾಯಿಗೆ ಹಾಕಿಕೊಂಡೆ. ಅವರೂ ಒಂದು ತುಂಡು ತಿಂದರು. ನಾನು ನಿಲ್ಲಿಸಿದೆ. ಅವರೂ ನಿಲ್ಲಿಸಿದರು. ಹೀಗೆ ನಾನು ತಿಂದಷ್ಟೇ ಅವರು ತಿನ್ನುವುದು ಅಂತಾಯಿತು. ಮೇಷ್ಟ್ರಿಗೆ ಹಸಿವು ಜೋರಿತ್ತು.

ಅವರು ಹೋದ ಮೇಲೆ ಇಂಟರ್ನೆಟ್ಟಿನಲ್ಲಿ ಬರೆದ ಅಭಿಪ್ರಾಯವನ್ನು ನಮ್ಮ ಮನೆಯವರು ಗಟ್ಟಿಯಾಗಿ ಓದಿದರು: "ಸ್ವಚ್ಛ ಕೋಣೆ, ಒಳ್ಳೆಯ ಗಾಳಿ, ರುಚಿಯಾದ ಊಟ. ಒಂದೇ ಸಲಹೆ, ಪಂದಿ ಕರಿಯನ್ನು ಯಜಮಾನಿ ಖಾಲಿ ಮಾಡುವ ಮೊದಲು ಬಡಿಸಿಕೊಳ್ಳಿ."

ವಾಕಿಂಗ್

ತಿಂದದ್ದನ್ನು ಕರಗಿಸೋಣ ಅಂತ ಸಂಜೆ ರಸ್ತೆಯಲ್ಲಿ ನಡೆಯತೊಡಗಿದೆ. ನಮ್ಮ ಕಡೆ ಕೆಲಸವಿದ್ದರೆ ನಡೆಯುತ್ತಾರೆ. ಕೆಲಸವಿಲ್ಲದೆ, ಕೈಯಲ್ಲಿ ಚೀಲವೂ ಇಲ್ಲದೆ, ಕತ್ತಿಯೂ ಇಲ್ಲದೆ ಬೀಸುಗಾಲಿನಲ್ಲಿ ಹೋಗುವ ಹೆಂಗಸನ್ನು ಕಂಡರೆ ಜೀಪು ನಿಲ್ಲಿಸದೆ ಹೋಗುವವನು ಮನುಷ್ಯನೇ ಅಲ್ಲ.

ಮೊದಲ ಜೀಪು ಪಕ್ಕದ ತೋಟದ ಹುಡುಗನದು. "ಎಂತ ಅಕ್ಕಾ, ಗಾಡಿ ಕೆಟ್ಟಿತಾ?"

"ಇಲ್ಲಪ್ಪ, ಸುಮ್ಮನೆ ನಡೀತಿದ್ದೀನಿ."

"ಸುಮ್ಮನೆ ಯಾರಾದ್ರೂ ನಡೀತಾರಾ? ಅಣ್ಣನ ಹತ್ತಿರ ಜಗಳ ಆಯ್ತಾ?"

ನಕ್ಕು ಕಳಿಸಿದೆ. ಅವನು ನಗದೆ ಹೋದ. ಮುಂದಿನ ತಿರುವಿನಲ್ಲಿ ಅವನು ಯಾರ ಹತ್ತಿರ ಏನು ಹೇಳಿದನೋ, ಎರಡನೇ ಜೀಪು ನನ್ನನ್ನೇ ಹುಡುಕಿಕೊಂಡು ಬಂತು. ಅದರಲ್ಲಿದ್ದವರು ನಮ್ಮ ಮನೆಯವರ ದೊಡ್ಡಪ್ಪ, ದೊಡ್ಡಮ್ಮ. ದೊಡ್ಡಮ್ಮ ಇಳಿದು ಬಂದು ನನ್ನ ಕೈ ಹಿಡಿದುಕೊಂಡರು. "ಹತ್ತು ಮಗಾ. ಏನೂ ಹೇಳೋದು ಬೇಡ. ಮೊದಲು ಹತ್ತು."

ಅವರ ಮನೆಯಲ್ಲಿ ಕೂರಿಸಿ, ಹುತ್ತರಿ ಹಬ್ಬ ಮುಗಿದ ಹೊಸದರಲ್ಲಿ ಉಳಿದಿದ್ದ ಗೆಣಸನ್ನು ಬೇಯಿಸಿ, ಬೆಲ್ಲದ ಪಾಕ ಸುರಿದು ಮುಂದಿಟ್ಟರು.

"ದೊಡ್ಡಮ್ಮ, ನಾನು ವಾಕಿಂಗಿಗೆ..."

"ಗಂಡಸರು ಹಾಗೇ ಮಗಾ. ನಾನೂ ಒಂದ್ಸಲ ಹೀಗೇ ಹೊರಟಿದ್ದೆ, ಬಸ್ಸು ಸಿಗಲಿಲ್ಲ. ನೀನು ತಿನ್ನು."

ದೊಡ್ಡಪ್ಪ ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ನಾನು ತಿಂದೆ. ತಿನ್ನದಿದ್ದರೆ ಸಂಸಾರ ಕೆಟ್ಟಿದೆ ಅಂತ ಪಕ್ಕಾ ಆಗುತ್ತಿತ್ತು. ಆಮೇಲೆ ಇಬ್ಬರೂ ನನ್ನನ್ನು ಜೀಪಿನಲ್ಲಿ ಮನೆಗೆ ಕರೆತಂದು, ನಮ್ಮ ಮನೆಯವರನ್ನು ಜಗಲಿಯಲ್ಲಿ ಕೂರಿಸಿ, ಹೆಂಡತಿಯನ್ನು ಹೇಗೆ ನೋಡಿಕೊಳ್ಳಬೇಕು ಅಂತ ಬುದ್ಧಿ ಹೇಳಿದರು. ಇವರು ಎಲ್ಲದಕ್ಕೂ "ಸರಿ, ಸರಿ" ಅಂದರು. ಒಳಗಿನಿಂದ ಅತ್ತೆ "ಅವನಿಗೆ ಇನ್ನೂ ನಾಲ್ಕು ಹೇಳಿ" ಅಂದರು.

ಜೀಪು ಹೋದ ಮೇಲೆ ನಮ್ಮ ಮನೆಯವರು ಬೆವರು ಒರೆಸಿಕೊಂಡು ಕೇಳಿದರು, "ಅಲ್ಲ ಮಾರಾಯ್ತಿ, ವಾಕಿಂಗಿಗೆ ಹೋಗಿ ಬರ್ತೀನಿ ಅಂದವಳು ಪಂಚಾಯ್ತಿ ಕರ್ಕೊಂಡು ಬಂದ್ಯಾ?"

ಕಣದ ತಕ್ಕಡಿ

ಅಂದಿನಿಂದ ರಸ್ತೆ ಬಿಟ್ಟೆ. ತೋಟದೊಳಗೇ, ಮನೆಯಿಂದ ಕಾಫಿ ಒಣಗಿಸುವ ಕಣದವರೆಗೆ ಏರು ಹತ್ತಿ ಹೋಗಿ ಬರುವುದು ಅಂತ ಮಾಡಿಕೊಂಡೆ. ಅಲ್ಲಿ ಜೀಪು ಬರುವುದಿಲ್ಲ, ದೊಡ್ಡಮ್ಮನೂ ಬರುವುದಿಲ್ಲ.

ಅದು ಪಿಕ್ಕಿಂಗ್ ಸಮಯ. ಸಂಜೆ ಲೈನಿನ, ಅಂದರೆ ಕೂಲಿಯವರ ಸಾಲುಮನೆಗಳ, ಹೆಂಗಸರೆಲ್ಲ ಕಿತ್ತ ಹಣ್ಣಿನ ಚೀಲ ತಂದು ಸಾಲಾಗಿ ನಿಲ್ಲುತ್ತಾರೆ. ನಮ್ಮ ರೈಟರ್, ಅಂದರೆ ತೋಟದ ಕೆಲಸ ನೋಡಿಕೊಳ್ಳುವವರು, ಹಳೇ ಕಬ್ಬಿಣದ ತಕ್ಕಡಿಯ ಮೇಲೆ ಚೀಲ ಇಡಿಸಿ, ಅಳತೆ ಕಡ್ಡಿಯ ಮೇಲಿನ ಗುಂಡು ಸರಿಸಿ, ತೂಕ ಕೂಗುತ್ತಾರೆ. ನಾನು ಮದುವೆಯಾಗಿ ಬರುವ ಮೊದಲಿನಿಂದಲೂ ಅವರೇ ತೂಗುವುದು. ಒಂದು ಕಾಳಿನ ಮೋಸ ಮಾಡಿದವರಲ್ಲ.

ಮನೆಯಲ್ಲಿ ತೂಕದ ಯಂತ್ರವಿರಲಿಲ್ಲ. ಒಂದು ಸಂಜೆ ಕೇಳಿಯೇಬಿಟ್ಟೆ. "ರೈಟ್ರೇ, ನನ್ನನ್ನೂ ಒಂದು ಸಲ ತೂಗಿ."

ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. "ಹತ್ತಿ ಅಮ್ಮಾ."

ಹತ್ತಿ, ಕಡ್ಡಿಗೆ ಬೆನ್ನು ಹಾಕಿ, ಕಣ್ಣು ಮುಚ್ಚಿ ನಿಂತೆ. ಗುಂಡು ಸರಿಯುವ ಸದ್ದು. ಆಮೇಲೆ ರೂಢಿಯಂತೆ ಕಣಕ್ಕೆಲ್ಲ ಕೇಳುವ ಕೂಗು: "ಎಪ್ಪತ್ತೈದು!"

ಸಾಲಿನ ಕೊನೆಯಲ್ಲಿ, ಚೀಲಗಳ ಹಿಂದೆ ನಿಂತು ನನ್ನನ್ನು ಕಾಣದ ಹೆಂಗಸೊಬ್ಬಳು ಕೇಳಿದಳು, "ಅಯ್ಯೋ, ಒಬ್ಬಳೇ ಅಷ್ಟು ಕಿತ್ತಿದ್ದು ಯಾರು?"

ಕಣವೆಲ್ಲ ನಕ್ಕಿತು. ನಾನೂ ನಕ್ಕೆ, ಯಾಕೆಂದರೆ ಮೂರು ಕೆಜಿ ಇಳಿದಿತ್ತು! ಪಂದಿ ಕರಿ, ಗೆಣಸು ಎಲ್ಲ ತಿಂದೂ ಮೂರು ಕೆಜಿ! ಅವತ್ತಿನಿಂದ ನನಗೆ ಹುರುಪು ಬಂತು. ಬೇಯಿಸಿದ ಬೀನ್ಸ್ ಕೂಡ ರುಚಿಸತೊಡಗಿತು. ದಿನಾ ಏರು ಹತ್ತಿದೆ. ಗೆಸ್ಟುಗಳಿಗೆ ಮೊದಲೇ ನನ್ನ ಡಯಟ್ ವಿಷಯ ಹೇಳಿಟ್ಟೆ. ರೈಟರ ಕೂಗೂ ಇಳಿಯುತ್ತಾ ಬಂತು. ಡಾಕ್ಟರ ಹತ್ತಿರ ಹೋಗುವ ಹಿಂದಿನ ಸಂಜೆ ಅಕಾಲದ ಮಳೆ ಸುರಿಯಿತು. ಆದರೂ ಛತ್ರಿ ಹಿಡಿದು ಹೋಗಿ, ಅರ್ಧ ನೆನೆದುಕೊಂಡೇ ತಕ್ಕಡಿ ಹತ್ತಿದೆ. "ಎಪ್ಪತ್ತೆರಡು!"

ಐದು ಕೇಳಿದ್ದರು, ಆರು ಇಳಿಸಿದ್ದೆ. ಮರುದಿನ ಒಳ್ಳೆಯ ಸೀರೆ ಉಟ್ಟುಕೊಂಡು, ನಮ್ಮ ಮನೆಯವರನ್ನೂ ಕರೆದುಕೊಂಡು ವಿರಾಜಪೇಟೆಗೆ ಹೋದೆ.

ಡಾಕ್ಟರಮ್ಮನ ಯಂತ್ರ ಹತ್ತಿದೆ. ಎಪ್ಪತ್ತೈದು ತೋರಿಸಿತು.

"ನಿಮ್ಮ ಯಂತ್ರ ಕೆಟ್ಟಿದೆ ಡಾಕ್ಟ್ರೇ," ಅಂದೆ.

"ಹೊಸದು ರೀ. ಹೋದ ವಾರ ತರಿಸಿದ್ದು."

"ನಮ್ಮ ತಕ್ಕಡಿ ಸುಳ್ಳು ಹೇಳಲ್ಲ. ಇಡೀ ತೋಟದ ಕಾಫಿ ಅದರಲ್ಲೇ ತೂಗೋದು. ನಿನ್ನೆ ಎಪ್ಪತ್ತೆರಡಿದ್ದೆ. ಒಂದು ರಾತ್ರಿಯಲ್ಲಿ ಮೂರು ಕೆಜಿ ಬರುತ್ತಾ?"

"ರಾತ್ರಿ ಏನು ತಿಂದ್ರಿ?"

"ಒಂದು ರೊಟ್ಟಿ!"

ನಮ್ಮ ಮನೆಯವರು "ಸಣ್ಣದು" ಅಂತ ಸೇರಿಸಿದರು. ಆದರೂ ಡಾಕ್ಟರಮ್ಮ ಒಪ್ಪಲಿಲ್ಲ. ಅವರು ಮಾತ್ರೆ ಬರೆಯುವ ಚೀಟಿ ಹತ್ತಿರ ಎಳೆದುಕೊಂಡದ್ದು ಕಂಡು ನನಗೆ ಅಮ್ಮನ ಡಬ್ಬಿಯೇ ಕಣ್ಣ ಮುಂದೆ ಬಂತು. ಅಲ್ಲಿಂದಲೇ ರೈಟರಿಗೆ ಫೋನು ಹಚ್ಚಿ, ಡಾಕ್ಟರಿಗೂ ಕೇಳಲಿ ಅಂತ ಸ್ಪೀಕರಿಗೆ ಹಾಕಿದೆ.

"ರೈಟ್ರೇ, ನಿನ್ನೆ ನನ್ನ ತೂಕ ಎಷ್ಟಿತ್ತು? ಸರಿಯಾಗಿ ಹೇಳಿ."

"ಎಪ್ಪತ್ತೆರಡು ಅಮ್ಮಾ."

ಡಾಕ್ಟರ ಕಡೆ ಗೆದ್ದವಳ ಹಾಗೆ ನೋಡಿದೆ. ಫೋನಿನಲ್ಲಿ ರೈಟರ್ ಮುಂದುವರಿಸಿದರು. "ಕಡ್ಡಿಯಲ್ಲಿ ಎಪ್ಪತ್ತೈದು ಬಂತು. ಚೀಲದ್ದು ಎರಡು ಕಳೆದೆ."

"ಚೀಲವಾ? ಯಾವ ಚೀಲ?"

"ಎಲ್ಲರಿಗೂ ಕಳೀತೀನಲ್ಲಮ್ಮಾ. ನಿಮಗೆ ಸೀರೆ, ಸ್ವೆಟರು, ಚಪ್ಪಲಿ. ಚೀಲ ಅಂದ್ರೆ ಅದೇ ಅಲ್ವಾ? ಮೊದಲಿನಿಂದಲೂ ಕಳೆದೇ ಹೇಳ್ತಿರೋದು."

"ಅದು ಎರಡಾಯ್ತು. ಇನ್ನೊಂದು?"

"ನಿನ್ನೆ ಮಳೆ ಬಂತಲ್ಲ. ಒದ್ದೆ ಮಾಲಿಗೆ ಒಂದು ಕೆಜಿ ಕಳೆಯೋದು ಉಂಟು."

ನಮ್ಮ ಮನೆಯವರು ಕೆಮ್ಮುತ್ತಾ ಹೊರಗೆ ಹೋದರು. ಡಾಕ್ಟರಮ್ಮ ನಕ್ಕ ರಭಸಕ್ಕೆ ಅವರ ಕುರ್ಚಿ ಗೋಡೆಗೆ ತಾಗಿತು. ನಾನು ಫೋನಿಟ್ಟು ನೆಲ ನೋಡುತ್ತಾ ಕೂತೆ.

ಕಣ್ಣೊರೆಸಿಕೊಂಡು ಅವರು ರಕ್ತದ ರಿಪೋರ್ಟು ತೆಗೆದರು. ಓದಿದರು. ಮುಖ ಸ್ವಲ್ಪ ಗಂಭೀರವಾಯಿತು. "ಶುಗರ್ ಚೆನ್ನಾಗಿ ಇಳಿದಿದೆ ರೀ. ಚೀಲ ಸೇರಿಸಿದ್ರೂ ಮೂರು ಕೆಜಿ ನಿಜವಾಗಿ ಇಳಿದಿದ್ದೀರಿ. ಮಾಡ್ತಿರೋದನ್ನ ಹೀಗೇ ಮಾಡಿ. ಮಾತ್ರೆ ಈಗ ಬೇಡ."

ನನಗೆ ಕುಣಿಯುವ ಹಾಗಾಯಿತು. ಮನಸ್ಸಿನಲ್ಲೇ ರೈಟರಿಗೆ ಕೈ ಮುಗಿದೆ. ಮೊದಲ ಸಂಜೆ ಅವರು ಎಪ್ಪತ್ತೇಳು ಅಂತ ಕೂಗಿದ್ದರೆ ನಾನು ಅಲ್ಲಿಂದ ನೇರ ದೊಡ್ಡಮ್ಮನ ಮನೆಗೇ ಹೋಗಿ ಗೆಣಸಿಗೆ ಕೂರುತ್ತಿದ್ದೆ.

ಎದ್ದು ಬಾಗಿಲ ಹತ್ತಿರ ಹೋದಾಗ ಡಾಕ್ಟರಮ್ಮ ಹಿಂದಿನಿಂದ ಕರೆದರು. ಹೊರಗೆ ನರ್ಸಿಗೆ ಕೇಳದ ಹಾಗೆ ದನಿ ತಗ್ಗಿಸಿ, "ನಿಮ್ಮ ತೋಟದ ಪಿಕ್ಕಿಂಗ್ ಇನ್ನೂ ಎಷ್ಟು ದಿನ ಇರುತ್ತೆ?" ಅಂದರು.

"ಇನ್ನೂ ಉಂಟು ಡಾಕ್ಟ್ರೇ. ಯಾಕೆ?"

"ಏನಿಲ್ಲ. ಮಳೆ ಬರೋ ಹಾಗಿದ್ರೆ ಒಂದು ಫೋನ್ ಮಾಡಿ. ನಾನೂ ಬರ್ತೀನಿ."