ಬಾದಾಮಿ ಗೈಡ್ ಕೊರಿಯನ್ ಕಲ್ತಿದ್ದು

ಗೈಡ್ ಕೆಲಸದಾಗ ದಿನಕ್ಕೊಂದು ಫಜೀತಿ ತಪ್ಪಂಗಿಲ್ರಿ. ಆದರ ನಾ ಕೊರಿಯನ್ ಕಲಿಯಾಕ ಕುಂತ ಮ್ಯಾಲಿನ ಫಜೀತಿನ ಬ್ಯಾರೆ. ಬಾದಾಮಿಯೊಳಗ ಗುಹಾ ತೋರಸೋದು ನನ್ನ ಹೊಟ್ಟಿಪಾಡು. ಒಂದಿನ ಲಾಡ್ಜಿನ ಮ್ಯಾನೇಜರ್ ಕರದು, "ಎರಡು ತಿಂಗಳ ಬಿಟ್ಟು ಕೊರಿಯಾದಿಂದ ಒಂದು ಗುಂಪು ಬರತೈತಿ. ಅವರ ಮಾತು ನಾಕು ಕಲಿ, ವಾರಪೂರ್ತಿ ಕೆಲಸ ನಿಂದ. ಇಲ್ಲಂದ್ರ ಹಂಪಿ ಗೈಡನ್ನ ಕರಸ್ತೇನಿ" ಅಂದ. ಹಂಪಿಯಾಂವ ಬಂದು ನಮ್ಮ ಮೇಣಬಸದಿ ಗುಹಾ ತೋರಸೋದಂದ್ರ! ಮೈ ಉರದು ಅವತ್ತ ಫೋನಿನ್ಯಾಗ ಪಾಠ ಹಚ್ಚಿದ್ನಿ.

೧. ಯಾಕಿ ಆಕಿ?

ಫೋನಿನ್ಯಾಗ ಒಬ್ಬಾಕಿ ಹೇಳಿಕೊಡ್ತಿದ್ಲು. ನಾನೂ ಆಕಿಯಂಗ ಮೆತ್ತಗ, ತಲಿ ಬಗ್ಗಿಸಿ, "ಅನ್ಯೊಂಗ್‌ಹಸೆಯೊ" ಅಂತಿದ್ನಿ. ಬಾಗಲದಾಗ ಹೆಂಡತಿ ನಿಂತಿದ್ಲು.

"ಯಾಕಿ ಆಕಿ?"

"ಮಷಿನ್ ಅದು. ನಮಸ್ಕಾರ ಹೇಳೋದು ಕಲಸಾಕತ್ತೈತಿ."

"ಮಷಿನ್ ಜೋಡಿ ಮಾತಾಡಾಕ ತಲಿ ಯಾಕ ಬಾಚ್ಕೊಂಡೀರಿ?"

ಖರೆ, ಬಾಚ್ಕೊಂಡಿದ್ನಿ. ಯಾಕಂತ ನಂಗೂ ಗೊತ್ತಿಲ್ಲ.

"ಇಪ್ಪತ್ತು ವರ್ಷದಾಗ ನನ್ನ ಜೋಡಿ ಒಮ್ಮೆರ ಇಷ್ಟು ಮೆತ್ತಗ ಮಾತಾಡೀರೇನು?" ಅಂದ್ಲು. ಅವತ್ತಿಂದ ನಾ ಪಾಠಕ್ಕ ಕುಂತ್ರ ಆಕಿ ಎದುರಿಗೆ ಬಳ್ಳೊಳ್ಳಿ ಸುಲಕೋತ ಕಾವಲ ಕೂಡಾಕಿ. ತಿಂಗಳಗಟ್ಲೆ ನಮ್ಮನ್ಯಾಗ ಚಾ ಒಂದು ಬಿಟ್ಟು ಎಲ್ಲಾದ್ರಾಗೂ ಬಳ್ಳೊಳ್ಳಿ.

೨. ವಯಸ್ಸೆಷ್ಟು?

ಕೊರಿಯಾದಾಗ ಎದುರಿನವರ ವಯಸ್ಸು ತಿಳಕೊಂಡ ಮಾತು ಸುರು ಮಾಡ್ತಾರಂತ. ದೊಡ್ಡವರಿಗೆ ಒಂದು ನಮೂನಿ, ಸಣ್ಣವರಿಗೆ ಒಂದು ನಮೂನಿ. ರೂಢಿ ಆಗ್ಲಿ ಅಂತ ಕುಳಗೇರಿ ಕ್ರಾಸಿನ ಚಾದಂಗಡ್ಯಾಗ ಬಾಜು ಕುಂತ ಅಜ್ಜಗ, "ವಯಸ್ಸೆಷ್ಟ್ರಿ?" ಅಂದ್ನಿ. ಅಂವ ಚಾ ಕಪ್ಪು ಆಕಡೆ ಸರಿಸಿ ನನ್ನ ಕೆಕ್ಕರಿಸಿ ನೋಡಿದ.

"ಯಾಕ?"

"ಸುಮ್ನ್ರಿ."

"ಸುಮ್ನ ವಯಸ್ಸು ಕೇಳಾವರು ಇಬ್ರ. ಹೆಣ್ಣು ಕೊಡಾವರು, ವಿಮಾ ಮಾರಾವರು. ನಂಗ ಮದುವಿ ಆಗೇತಿ. ವಿಮಾ ಬ್ಯಾಡ. ಎದ್ದು ನಡಿ!"

೩. ಮಂಗ್ಯಾನ ಕೈಯಾಗ ಪರ್ಸು

ಗುಂಪು ಬಂತು. "ಎಂಥೆಂಥಾವ್ರು ಬಂದಾರ ನೋಡ್ತೇನಿ" ಅಂತ ಹೆಂಡತಿನೂ ಬೆನ್ನು ಹತ್ತಿದ್ಲು. ನೋಡಿದ್ರ ಎಲ್ಲಾರೂ ನಮ್ಮತ್ತಿ ವಾರಿಗಿಯ ಮುದುಕೇರು. ಆಕಿ ಮಾರಿ ಸ್ವಲ್ಪ ಸಡಲ ಆತು.

ಗುಹಾದ ಮೆಟ್ಟಲ ಹತ್ರ ನಾ ಸೊಂಟ ಬಗ್ಗಿಸಿ ಕೊರಿಯನ್ ಸುರು ಮಾಡಿದ್ನಿ. ಅವರು ಗೋಣು ಹಾಕಾಕತ್ರು. ಅಷ್ಟ್ರಾಗ ಒಂದು ಮಂಗ್ಯಾ ಜಿಗದು ಒಬ್ಬ ಮುದುಕಿ ಪರ್ಸು ಕಸಗೊಂಡು ಕಟ್ಟಿ ಏರ್ತು. ಪಾಸ್‌ಪೋರ್ಟ್ ಅದರಾಗ! ಮುದುಕಿ ಅಳಾಕ ಹತ್ತಿದ್ಲು. ನನ್ನ ಕೊರಿಯನ್ ಹೋತು, ಕನ್ನಡಾನೂ ಹೋತು.

ಹೆಂಡತಿ ಸೀರಿ ಎತ್ತಿ ಕಟ್ಟಿ, ಬಡಿಗಿ ಹಿಡಕೊಂಡು, "ಏ ಮೂಳಾ, ಇಡ ಕೆಳಗ!" ಅಂತ ಗುಡ್ಡ ನಡುಗೂವಂಗ ಒದರಿದ್ಲು. ಮಂಗ್ಯಾ ಪರ್ಸು ಒಗದು ಓಡ್ತು. ಮುದುಕಿ ಆಕಿ ಕೈ ಹಿಡದಾಕಿ ನಾಕೂ ಗುಹಾ ಮುಗಿಯೋತನಕ ಬಿಡ್ಲಿಲ್ಲ.

ಸಂಜಿಕ ಮ್ಯಾನೇಜರ್ ಫೋನ್ ಮಾಡಿದ. "ನಾಳಿ ಮಹಾಕೂಟದ ಗುಡಿಗೆ ನೀ ಬ್ಯಾಡ, ನಿನ್ನ ಹೆಂಡತಿ ಬರ್ಲಿ. ಅವರು ಆಕಿನ್ನ ಕೇಳಾಕತ್ತಾರ."

ನಾ ಫೋನಿನ್ಯಾಗ ಒದರಿದ್ನಿ, "ಸಾಹೇಬ್ರ, ಆಕಿಗೆ ಕೊರಿಯನ್ ಒಂದಕ್ಷರ ಬರಂಗಿಲ್ರಿ!"

"ಮಹಾಕೂಟದ ಮಂಗ್ಯಾಗಳಿಗೆ ಬರತೈತೇನು?" ಅಂದ.