ದಪ್ಪ ವೈರು, ಚುರುಕು ಕಿವಿ

ಬಸವಕುಮಾರನ ಬಾಯಿ ಒಂದಿಷ್ಟು ಹತೋಟಿಯಲ್ಲಿದ್ದಿದ್ದರೆ ಅವನ ಕಿವಿಗೆ ಈ ಸಂಕಟ ಬರುತ್ತಿರಲಿಲ್ಲ.

ಅರಸೀಕೆರೆಯ ಕೊಬ್ಬರಿ ವ್ಯಾಪಾರಿಗಳಲ್ಲಿ ಆ ಕಿವಿಗೆ ದೊಡ್ಡ ಹೆಸರು. ಸುಲಿಯದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸಾಕು, ಒಳಗಿನ ಕೊಬ್ಬರಿ ಒಣಗಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದ. ಅವನ ಮಾತು ನಂಬಿ ಬೆಳೆಗಾರರು ಅಟ್ಟದಿಂದ ಇಡೀ ರಾಶಿಯನ್ನೇ ಇಳಿಸುತ್ತಿದ್ದರು. ಆ ಧೈರ್ಯದ ಮೇಲೆ ಅವನು ಪಕ್ಕದ ಮನೆಯ ತೋಟಗಾರ ದೇವೀರಪ್ಪನವರ ಮುಂದೆ, "ಆಂಪ್ಲಿಫೈಯರ್‌ಗೆ ಕರೆಂಟ್ ಕೊಡೋ ವೈರ್ ಬದಲಾಯಿಸಿದ್ರೆ ಹಾಡೇ ಬದಲಾಗುತ್ತೆ, ನನ್ನ ಕಿವೀಗೆ ಗೊತ್ತಾಗುತ್ತೆ" ಎಂದು ಕೊಚ್ಚಿಕೊಂಡಿದ್ದ.

ಭಾನುವಾರ ಬೆಳಿಗ್ಗೆ ಕೊರಿಯರ್‌ನಲ್ಲಿ ಅಂಥ ವೈರು ಬಂತು. ಕೇರೆಹಾವಿನಷ್ಟು ದಪ್ಪ. ಡಬ್ಬ ಬಿಚ್ಚುವ ಹೊತ್ತಿಗೆ ದೇವೀರಪ್ಪನವರೂ ನಾಲ್ಕು ಜನ ಬೆಳೆಗಾರರನ್ನು ಕಟ್ಟಿಕೊಂಡು ಬಂದರು.

"ನಾವೆಲ್ಲ ಜಗುಲೀಲಿ ಕೂತ್ಕಳಣ. ಒಳಗೆ ನಿನ್ನ ಹೆಂಡ್ತಿ ಹಳೇದೋ ಹೊಸದೋ ಯಾವ್ದಾದ್ರೂ ಒಂದು ಹಾಕ್ಲಿ. ಯಾವುದು ಅಂತ ನೀನು ಹೇಳು. ಈ ಕಿವಿ ಸುಳ್ಳು ಅಂತಾದ್ರೆ, ನಮ್ಮ ಕಾಯಿ ಯಾರಿಗೆ ತೋರಿಸ್ಬೇಕು ಅಂತ ನಾವೂ ಯೋಚ್ನೆ ಮಾಡ್ಬೇಕಾಗೈತೆ," ಎಂದರು ದೇವೀರಪ್ಪನವರು.

ಬಸವಕುಮಾರ ಅವರ ಜೊತೆ ಜಗುಲಿಯಲ್ಲಿ ಕೂತ. ಒಳಗೆ ಹೆಂಡತಿ ಲತಾಮಣಿ ಆಂಪ್ಲಿಫೈಯರನ್ನು ಎಳೆದಾಡುವ ಸದ್ದು ಬಹಳ ಹೊತ್ತು ಕೇಳಿಸಿತು. ಕೊನೆಗೆ ವಚನ ಗಾಯನ ಶುರುವಾಯಿತು. ನಿನ್ನೆಯೂ ಹೀಗೇ ಇತ್ತೇ? ಅವನಿಗೆ ಒಂದೂ ತಿಳಿಯಲಿಲ್ಲ. ತಬಲಾಗಿಂತ ತನ್ನ ಎದೆ ಬಡಿತವೇ ಜೋರಾಗಿತ್ತು.

"ಹೊಸದು," ಎಂದ, ಕಣ್ಣು ಮುಚ್ಚಿಕೊಂಡು. "ಆ ತಂಬೂರಿ ಕೇಳಿ. ಜೇನು ಸುರಿದ ಹಾಗಿದೆ."

ಲತಾಮಣಿ ಬಾಗಿಲಿಗೆ ಬಂದಳು. "ಸರಿಯಾಗಿ ಹೇಳಿದ್ರಿ ಕಣ್ರೀ!"

ಹೋದ ಜೀವ ಬಂದಂತಾಯಿತು. ಬೆಳೆಗಾರರು ಬೆನ್ನು ತಟ್ಟಿದರು, ಕಾಫಿ ಕುಡಿದರು, "ನಮ್ಮ ಕಾಯಿಗೆ ನಿನ್ನ ಕಿವೀನೇ ಸರಿ ಕಣಪ್ಪ" ಎಂದು ಹೊರಟರು.

"ನನ್ನ ಕಿವಿ ಬಗ್ಗೆ ನನಗೇ ಆಶ್ಚರ್ಯ ಆಗೋಯ್ತು ಲತಾ," ಎಂದು ಬಸವಕುಮಾರ ಮೀಸೆ ತೀಡಿದ.

ಅವಳು ದಪ್ಪ ವೈರನ್ನು ತಂದು ಅವನ ತೊಡೆಯ ಮೇಲೆ ಹಾಕಿದಳು. "ಇದು ನಮ್ಮ ಆಂಪ್ಲಿಫೈಯರ್‌ಗೆ ಹಿಡಿಯೋದೇ ಇಲ್ಲ ರೀ. ಇದಕ್ಕೆ ಮೂರು ತೂತು, ನಮ್ಮದರ ಹಿಂದೆ ಇರೋದು ಎರಡೇ ಕಡ್ಡಿ. ನೀವು ಜೇನು ಕುಡಿದಿದ್ದು ಹಳೇ ವೈರ್‌ನಲ್ಲೇ. ಅಷ್ಟು ಜನರ ಮುಂದೆ ಹೇಗೆ ಹೇಳ್ಲಿ?"

ಕಾಯನ್ನು ಹತ್ತು ಸಲ ತಿರುಗಿಸಿ ನೋಡುವವನು ಆಂಪ್ಲಿಫೈಯರಿನ ಬೆನ್ನನ್ನು ಒಂದು ಸಲವೂ ನೋಡದೆ ವೈರು ತರಿಸಿದ್ದ. ನಾಚಿಕೆಯಾಯಿತು. ಆದರೂ ಮಾನ ಉಳಿಯಿತಲ್ಲ ಎಂದು ಮೈಯೆಲ್ಲ ಹಗುರಾಯಿತು. ಹೆಂಡತಿಯ ಮೇಲೆ ಎಂದೂ ಇಲ್ಲದ ಪ್ರೀತಿ ಉಕ್ಕಿ ಬಂತು.

ಸಂಜೆ ಕಾಂಪೌಂಡಿನ ಆಚೆಯಿಂದ ದೇವೀರಪ್ಪನವರ ತಲೆ ಕಾಣಿಸಿತು.

"ಲೋ ಬಸವಕುಮಾರ, ನಿನ್ನ ಕಿವಿ ನಂಬ್ಕಂಡು ನಾನೂ ಅಂಥದ್ದೇ ವೈರ್ ಆರ್ಡರ್ ಮಾಡ್ದೆ ಕಣಪ್ಪ. ನಮ್ಮನೆ ಆಂಪ್ಲಿಫೈಯರ್‌ನಲ್ಲಿ ಮೂರು ಕಡ್ಡಿ ಐತೆ, ನೋಡ್ಕಂಡೇ ಆರ್ಡರ್ ಹಾಕ್ದೆ. ಬುಧವಾರ ಬತ್ತೈತಂತೆ. ಮಾರ್ಕೆಟ್‌ನೋರಿಗೆಲ್ಲ ಹೇಳಿವ್ನಿ, ನೀನು ಬಂದು ಕೇಳಿ ಹೇಳು. ಪಾಪ, ಲತಾಮಣಿಗೆ ಯಾಕೆ ತೊಂದ್ರೆ? ಈ ಸಲ ವೈರ್ ಹಾಕೋನು ನಾನೇ!"