ಶೇಂಗಾ ಮೂಟೆಗೆ ಎದುರು ಕೂತವರು

ವ್ಯಾಪಾರ ಮಾಡುವವನು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಬಾಗಿಲು ತೆಗೆದು ಗಾದಿಯ ಮೇಲೆ ಕೂತರೆ ಸಾಕು, ಅದೇ ಚಪ್ಪಲಿ ಬಿಟ್ಟು ಒಳಗೆ ಬರುತ್ತದೆ. ಅದರ ಬೆನ್ನಿಗೇ ಒಂದು ಸಾವೋ ಒಂದು ಸಂಕಟವೋ ಬರುತ್ತದೆ ಎನ್ನುವುದು ಬೇರೆ ಮಾತು. ನನ್ನ ಅನುಭವದಲ್ಲಿ ಇವೆರಡೂ ಬೇರೆ ಬೇರೆ ಬಂದದ್ದು ಕಡಿಮೆ.

ಮದ್ರಾಸು ಸರ್ಕಾರದ ಕಾಲ, ಯುದ್ಧ ನಡೆಯುತ್ತಿದ್ದ ವರ್ಷಗಳು. ರಾಯದುರ್ಗದಲ್ಲಿ ನನ್ನದು ಶೇಂಗಾ ಮಂಡಿ. ಮಾಲು ಬರುತ್ತಿದ್ದದ್ದು ಹೆಚ್ಚಾಗಿ ಮಡಕಶಿರಾ ಕಡೆಯಿಂದ, ಅಲ್ಲೂ ನನ್ನದೊಂದು ಗೋದಾಮು ಇತ್ತು. ಒಮ್ಮೆ ಹರಾಜಿನಲ್ಲಿ ಒಳ್ಳೆಯ ಮರ ಎಂದು ಒಂದು ರಾಶಿ ಹಿಡಿದೆ. ತಂದು ಹರಡಿ ನೋಡಿದರೆ ಅದು ಬಿಚ್ಚಿಟ್ಟ ರಂಕಲರಾಟೆ! ಎರಡು ಕಂಬ, ನಡುವೆ ಅಚ್ಚು, ನಾಲ್ಕು ತೊಟ್ಟಿಲು. ಮಾರಲು ನೋಡಿದೆ, ಯಾರೂ ಮೂಸಲಿಲ್ಲ. ಮಾರದ ಮಾಲನ್ನು ದುಡಿಸಲೇಬೇಕು. ಎರಡು ಬಂಡಿಗಳ ಮೇಲೆ ಹೇರಿ ರಾಯದುರ್ಗದ ಸಂತೆಗೂ ಮಡಕಶಿರಾದ ದನದ ಸಂತೆಗೂ ಕಳಿಸತೊಡಗಿದೆ.

ಯಂತ್ರ ಗಿಂತ್ರ ಏನಿಲ್ಲ, ನಾಲ್ಕು ಜನ ಕೈಯಲ್ಲಿ ನೂಕಿ ತಿರುಗಿಸಬೇಕು. ಕೈಯಲ್ಲಿ ತಿರುಗಬೇಕಾದರೆ ಎದುರುಬದುರು ತೊಟ್ಟಿಲುಗಳಲ್ಲಿ ತೂಕ ಸಮ ಇರಬೇಕು. ಇಲ್ಲದಿದ್ದರೆ ಭಾರದ ಕಡೆ ಕೆಳಗೆ ಬಂದು ಎಮ್ಮೆಯ ಹಾಗೆ ಕೂತುಬಿಡುತ್ತದೆ. ದಪ್ಪಗಿರುವವರು ಬಂದರೆ ಎದುರು ತೊಟ್ಟಿಲಿಗೆ ಸುಲಿದ ಶೇಂಗಾ ಬೀಜದ ಮೂಟೆ ಹಾಕುತ್ತಿದ್ದೆವು. ಮಂಡಿ ನನ್ನದೇ, ಮೂಟೆಗೆ ಬರವಿರಲಿಲ್ಲ.

ತಿರುಗಿಸುವವರ ಮುಖ್ಯಸ್ಥ ಮಡಕಶಿರಾ ಹತ್ತಿರದ ಹಳ್ಳಿಯವನು. ಮೇಸ್ತ್ರಿ ಎಂದೇ ಕರೆಯುತ್ತಿದ್ದೆವು. ಮೊದಲು ರಸ್ತೆ ಕೆಲಸಕ್ಕೆ ಜಲ್ಲಿ ಒಡೆಯುತ್ತಿದ್ದ. ಅಲ್ಲಿ ಚಕ್ಕೆ ಸಿಡಿದು ಎಡಗಣ್ಣು ಹೋಗಿತ್ತು. ಸಂತೆಯಲ್ಲಿ ಗಿರಾಕಿ ಕಡಿಮೆಯಾದಾಗಲೆಲ್ಲ ನನ್ನ ಹತ್ತಿರ ಬಂದು ಅದೇ ಮಾತು:

"ಸಾವ್ಕಾರ್ರೆ, ರಾಟೆ ಮಾತ್ರ ನಿಲ್ಲಿಸ್ಬ್ಯಾಡಿ. ನಿಂತ್ರೆ ನಾನು ಮತ್ತೆ ಜಲ್ಲಿ ಒಡೆಯಾಕೇ ಹೋಗ್ಬೇಕು. ಅಲ್ಲಿ ಒಂದು ಕಣ್ಣು ಕೊಟ್ಟು ಬಂದಿವ್ನಿ. ಇನ್ನೊಂದು ಇಲ್ಲೇ ಐತೆ ಅಂತ ಅವ್ರಿಗೂ ಗೊತ್ತು."

೧. ಹೆದರದ ಪೈಲ್ವಾನ

ರಾಯದುರ್ಗದಲ್ಲಿ ಒಬ್ಬ ಪೈಲ್ವಾನನಿದ್ದ. ಮುಂದಿನ ವರ್ಷವೇ ವಾಂತಿಭೇದಿ ಬಂದು ಎರಡು ದಿನದಲ್ಲಿ ಹೋಗಿಬಿಟ್ಟ, ಅಂಥ ಮೈ! ಆದರೆ ನಾನು ಹೇಳುವುದು ಅವನು ಬದುಕಿದ್ದಾಗಿನ ಮಾತು.

ಸಂತೆಗೆ ಬಂದು ರಾಟೆಯ ಮುಂದೆ ಎದೆ ಸೆಟೆದು ನಿಂತು, "ಇದು ಹೆಣ್ಮಕ್ಕಳು ಹತ್ತೋದೇನ್ರಿ?" ಎಂದು ಕೇಳಿದ.

"ಯಾರು ಬೇಕಾದ್ರೂ ಹತ್ತಬಹುದ್ರಿ" ಎಂದೆ. "ಹೆದರಿಕಿ ಇದ್ದೋರಿಗೆ ಮೆಲ್ಲಕ ತಿರುಗಸ್ತೀವಿ."

"ನನಗ ಜೋರಾಗೇ ತಿರುಗಸ್ರಿ. ಕುಸ್ತಿ ಮಣ್ಣಾಗ ಹುಟ್ಟಿದವ ನಾನು."

ತೊಟ್ಟಿಲಲ್ಲಿ ಕೂತ. ಎರಡೂ ಕೈಯಲ್ಲಿ ಸರಳು ಹಿಡಿದ. ಕಣ್ಣು ಮುಚ್ಚಿದ. ಮೇಸ್ತ್ರಿ ಎದುರು ಕಡೆಗೆ ಮೂಟೆ ಹಾಕಲು ಹೋದ. ಅವನು ಕೂತ ತೊಟ್ಟಿಲು ಒಂದಿಷ್ಟು ಅಲ್ಲಾಡಿರಬೇಕು, ಅಷ್ಟಕ್ಕೇ ಪೈಲ್ವಾನ ಸಂತೆಯೆಲ್ಲ ತಿರುಗಿ ನೋಡುವ ಹಾಗೆ ಕೂಗಿದ:

"ಸಾಕ್ರಪ್ಪೋ! ಸಾಕು! ಇಳಸ್ರಿ!"

"ಅಣ್ಣಾ, ಇನ್ನೂ ತಿರುಗ್ಸೇ ಇಲ್ಲ" ಎಂದ ಮೇಸ್ತ್ರಿ.

ಪೈಲ್ವಾನ ಒಂದು ಕಣ್ಣು ತೆರೆದ. ಕಾಲಿನ ಕೆಳಗೆ ಗೇಣು ದೂರದಲ್ಲಿ ನೆಲ. ನಿಧಾನವಾಗಿ ಇಳಿದು, ಪಂಚೆ ಕೊಡವಿ, ಸುತ್ತ ನಿಂತವರನ್ನೆಲ್ಲ ಒಮ್ಮೆ ನೋಡಿ ಹೇಳಿದ:

"ನೋಡಿದ್ರಿಲ್ಲ? ನನಗ ಏನೂ ಆಗಂಗಿಲ್ಲ ಅಂತ ಮೊದಲ ಹೇಳಿದ್ದೆ."

೨. ಅರ್ಧ ಮೂಟೆ ಸೊಸೆ

ಮೂಟೆ ಹಾಕುವುದರಲ್ಲಿ ಒಂದು ತೊಂದರೆ ಇತ್ತು. ಯಾರ ತೂಕ ಎಷ್ಟು ಎನ್ನುವುದು ಸಂತೆಗೆಲ್ಲ ಬಯಲಾಗುತ್ತಿತ್ತು. ರಾಯದುರ್ಗದ ಒಂದು ಅನುಕೂಲಸ್ಥರ ಮನೆಯ ಯಜಮಾನಿ ಹತ್ತಿದಾಗ ಎದುರಿಗೆ ಒಂದೂವರೆ ಮೂಟೆ ಹಾಕಿದೆವು. ಆಕೆಗೇನೂ ಬೇಜಾರಿಲ್ಲ. ಎರಡು ಸುತ್ತು ಹೆಚ್ಚಿಗೆ ತಿರುಗಿಸಿಕೊಂಡು, ಎಲೆ ಅಡಿಕೆ ಹಾಕಿಕೊಳ್ಳುತ್ತ ಇಳಿದು ಬಂದಳು.

ಆಮೇಲೆ ಅವಳ ಸೊಸೆ ಹತ್ತಿದಳು. ಹುಡುಗಿಯ ತವರು ಕಣೇಕಲ್ಲು. ದೊಡ್ಡ ಕೆರೆ, ಕಣ್ಣು ಹಾಯುವ ತನಕ ಭತ್ತದ ಗದ್ದೆ, ಮೂರು ಹೊತ್ತು ಅನ್ನ ಉಣ್ಣುವ ಊರು. ಮಗಳನ್ನು ನೋಡಲೆಂದು ಬಂದಿದ್ದ ಅವಳ ಅಪ್ಪನೇ, "ಹತ್ತವ್ವ, ಒಂದೀಟು ನಗು" ಎಂದು ಕೂರಿಸಿದ. ಬೆಳೆದ ಹೆಣ್ಣುಮಗಳಲ್ಲವೇ ಎಂದು ಮೇಸ್ತ್ರಿ ಎದುರಿಗೆ ಒಂದು ಮೂಟೆ ಇಟ್ಟು ನೂಕಿದ. ಹುಡುಗಿ ಮೇಲೆ ಹೋದಳು, ಹೋದವಳು ಅಲ್ಲೇ ನಿಂತಳು. ಮೂಟೆ ಕೆಳಗೆ ಕೂತು ಏಳಲೊಲ್ಲದು. ಕಾಲು ಭಾಗ ಸುರಿದರು, ಆಗಲಿಲ್ಲ. ಅರ್ಧಕ್ಕೆ ಇಳಿಸಿದ ಮೇಲೆ ರಾಟೆ ತಿರುಗಿತು.

ಯಾರೂ ನಗಲಿಲ್ಲ. ಹುಡುಗಿಯೂ ನಗಲಿಲ್ಲ. ಇಳಿದ ಮಗಳ ಮುಂಗೈ ಹಿಡಿದು ನೋಡಿದ ಅಪ್ಪ ಬೀಗತಿಯ ಕಡೆ ತಿರುಗಿದ.

"ಏನ್ರಿ ಬೀಗತಿ, ನಿಮ್ಮ ಮನಿಗೆ ಕಳಿಸಿದಾಗ ನಮ್ಮ ಹುಡುಗಿ ಮುಕ್ಕಾಲು ಮೂಟಿಗೇನು ಕಡಿಮಿ ಇರಲಿಲ್ಲ. ಉಳದ ಕಾಲು ಮೂಟಿ ಎಲ್ಲಿ ಹೋತ್ರಿ?"

"ಉಣ್ಣಾಕ ಹಾಕ್ತೀವ್ರಿ. ಆಕಿ ಮೈಗೆ ಹತ್ತಂಗಿಲ್ಲ, ನಾವೇನು ಮಾಡೋಣ?"

ಅಪ್ಪ ಮಗಳನ್ನು ಅಲ್ಲಿಂದಲೇ ಬಂಡಿ ಹತ್ತಿಸಿದ. ಅವಳು ರಾಯದುರ್ಗಕ್ಕೆ ಮರಳಿ ಬಂದದ್ದನ್ನು ನಾನಂತೂ ಕಾಣೆ. ಬಂಡಿ ಹೊರಡುವಾಗ, ಮೂಟೆ ಹೊತ್ತು ಬೆವರಿ ನಿಂತಿದ್ದ ನನ್ನ ಹಮಾಲಿಯೊಬ್ಬ ಅತ್ತೆಯನ್ನು ಮೇಲಿಂದ ಕೆಳಗೆ ನೋಡಿ, ಅಪ್ಪನಿಗೆ ಸಮಾಧಾನ ಹೇಳಿದ:

"ಕಾಲು ಮೂಟಿ ಎಲ್ಲೂ ಹೋಗಿಲ್ರಿ ಯಜಮಾನ್ರ. ಮನ್ಯಾಗ ಐತಿ."

೩. ಹಳೆ ಅಚ್ಚು ಕೇಳಿದ ತಾತ

ಆಮೇಲೆ ಕೆಟ್ಟ ಸುದ್ದಿ ಬಂತು. ಬೇರೆ ಜಿಲ್ಲೆಯ ಯಾವುದೋ ಸಂತೆಯಲ್ಲಿ ಯಾರದೋ ರಾಟೆಯ ಅಚ್ಚು ಮುರಿದು ಜನ ಸತ್ತರು. ಹೊಸದಾಗಿ ಮದುವೆಯಾದ ಹುಡುಗಿ ಮೇಲಿನಿಂದ ಗಂಡನಿಗೆ ಕೈ ಬೀಸುತ್ತಿದ್ದಳಂತೆ. ಅವನೂ ಕೆಳಗಿನಿಂದ ಬೀಸುತ್ತಿದ್ದನಂತೆ.

ನಾನು ಮರದ ಅಚ್ಚು ತೆಗೆಸಿ ಕಬ್ಬಿಣದ್ದು ಹಾಕಿಸಿದೆ. ಕರುಣೆಯಿಂದಲ್ಲ, ಹೆಣ ಬಿದ್ದ ಜಾಗದಲ್ಲಿ ವ್ಯಾಪಾರ ಬೀಳುತ್ತದೆ ಎಂದು. ಆದರೂ ಮಡಕಶಿರಾ ಸಂತೆಯಲ್ಲಿ ಒಂದು ನರಪಿಳ್ಳೆಯೂ ಹತ್ತಿರ ಬರಲಿಲ್ಲ. ಮೇಸ್ತ್ರಿ ಬೆಳಗ್ಗೆಯಿಂದ ಅಚ್ಚಿಗೆ ಎಣ್ಣೆ ಬಿಡುತ್ತ, ಇದ್ದ ಒಂದು ಕಣ್ಣಿನಲ್ಲಿ ದಾರಿ ನೋಡುತ್ತ ನಿಂತಿದ್ದ.

ಮಧ್ಯಾಹ್ನ ಒಬ್ಬ ಮುದುಕ ಕೋಲೂರಿಕೊಂಡು ಬಂದ. ಮೇಸ್ತ್ರಿಗೆ ಎಲ್ಲಿಲ್ಲದ ಹುರುಪು.

"ಬಾ ತಾತ, ಬಾ! ಬೋಣಿ ನಿಂದೇ. ಹೆದ್ರುಕೋಬ್ಯಾಡ, ಹೂವಿನಂಗೆ ತಿರುಗಿಸ್ತೀವಿ."

"ಹೆದ್ರಿಕೆ ಯಾಕಪ್ಪಾ" ಎಂದ ಮುದುಕ. "ಮುದುಕಿ ಹೋದ್ಲು. ಇದ್ದೊಬ್ಬ ಮಗನೂ ಹೋದ. ಅಲ್ಲೆಲ್ಲೋ ಬಿದ್ದೋರು ನೋವೇ ಇಲ್ದಂಗೆ ಒಂದೇ ಏಟಿಗೆ ಹೋದ್ರಂತಲ್ಲ, ದಿಟವಾ?"

"ಅದು ಬೇರೆ ರಾಟೆ ತಾತ."

"ಇದ್ರ ಅಚ್ಚು ಹಳೇದೇನಪ್ಪಾ?"

"ಇಲ್ಲ ತಾತ, ಹೊಸಾದು! ಕಬ್ಬಿಣದ್ದು! ಆನೆ ಕುಂತ್ರೂ ಮುರಿಯಾಕಿಲ್ಲ."

ಮುದುಕ ಅಚ್ಚನ್ನು ಕೋಲಿನಿಂದ ತಟ್ಟಿ ನೋಡಿದ. ಠಣ್ ಎಂದಿತು.

"ಹಂಗಾದ್ರೆ ಬ್ಯಾಡ ಬಿಡಪ್ಪಾ" ಎಂದು ಬಂದ ದಾರಿಯಲ್ಲೇ ಹೊರಟುಹೋದ.

೪. ಸಾಹೇಬರ ತನಿಖೆ

ಇಷ್ಟರಲ್ಲಿ ಮೇಲಿನಿಂದ ಹುಕುಂ ಬಂತು. ಅಧಿಕಾರಿ ಬಂದು ನೋಡಿ, ದಪ್ಪಗಿರುವವರಿಗೂ ಹೆದರುವವರಿಗೂ ಇದು ಅಪಾಯವಿಲ್ಲ ಎಂದು ಹೇಳುವ ತನಕ ಯಾವ ರಾಟೆಯೂ ತಿರುಗಬಾರದು. ಯಾವ ಕಚೇರಿಯ ಅಧಿಕಾರಿ ಎಂದು ನಾನು ಹೇಳುವುದಿಲ್ಲ. ಅವರ ಮನೆಯವರು ಇವತ್ತಿಗೂ ನನ್ನ ಗಿರಾಕಿಗಳು.

ನನಗೆ ಹೋಗುವುದೇನೂ ಇರಲಿಲ್ಲ. ಬೇಡವೆಂದರೆ ಕಂಬ ಸೀಳಿಸಿ ಬಾಗಿಲು ಮಾಡಿಸುತ್ತಿದ್ದೆ. ಹೋಗುವುದಿದ್ದದ್ದು ಮೇಸ್ತ್ರಿಗೆ. ರಾಟೆ ನಿಂತ ಸುದ್ದಿ ಕೇಳಿ ಜಲ್ಲಿ ಕಂಟ್ರಾಕ್ಟರು ಆಗಲೇ ಅವನ ಮನೆಗೆ ಸುತ್ತಿಗೆ ಕಳಿಸಿಬಿಟ್ಟಿದ್ದ.

ಮಡಕಶಿರಾ ಸಂತೆಯ ದಿನ ಸಾಹೇಬರು ಜಟಕಾದಲ್ಲಿ ಬಂದರು. ಅವರು ಇಳಿದಾಗ ಕುದುರೆ ನಿಟ್ಟುಸಿರು ಬಿಟ್ಟಿತು. ಎರಡು ಮೂಟೆ ಮೀರಿದ ಮೈ. ರಾಟೆಯನ್ನು ಕತ್ತೆತ್ತಿ ನೋಡಿ, ಒಂದು ಕೈಯಿಂದ ಜಟಕಾ ಹಿಡಿದುಕೊಂಡೇ ಮಾತಾಡಿದರು.

"ದಪ್ಪಗಿರೋರು ಹತ್ತಿದರೆ ಏನು ಮಾಡ್ತೀರಿ?"

"ಎದುರಿಗೆ ಅಷ್ಟ ತೂಕದ ಮೂಟಿ ಹಾಕ್ತೀವ್ರಿ."

"ಹೆದರೋರು?"

"ಮೆಲ್ಲಕ ತಿರುಗಸ್ತೀವ್ರಿ."

"ಎರಡೂ ಇರೋರು?"

ಎಲ್ಲಿ ನೋಡಬಾರದು ಎನ್ನುವುದನ್ನು ವ್ಯಾಪಾರ ಕಲಿಸುತ್ತದೆ. ಅಚ್ಚಿನ ಕಡೆ ನೋಡುತ್ತ, "ಅಂಥೋರು ಇನ್ನಾ ಬಂದಿಲ್ರಿ" ಎಂದೆ. ಜನರ ಹಿಂದಿನಿಂದ ಯಾರೋ, "ಈಗ ಬಂದವ್ರಲ್ಲ, ಹತ್ತಿಸಿ ನೋಡ್ರಪ್ಪಾ!" ಎಂದು ಕೂಗಿದ. ಸಂತೆ ಕಿಸಕ್ಕೆಂದಿತು. ಸಾಹೇಬರ ಮುಖ ಕೆಂಪಾಯಿತು.

"ಹತ್ತುತ್ತೇನೆ. ಆದರೆ ಮೂಟೆ ಹಾಕಕೂಡದು. ಮನುಷ್ಯರು ಕೂರೋ ಜಾಗದಲ್ಲಿ ಮಾಲು ಹೇರೋದು ಕಾನೂನಲ್ಲಿ ಇಲ್ಲ. ಮನುಷ್ಯರನ್ನೇ ಕೂರಿಸಿ."

ನಾನು ಮೂಟೆಗಳನ್ನು ಬಂಡಿಗೆ ಹೇರಿ ಗೋದಾಮಿಗೆ ಕಳಿಸಿದೆ. ಕೆಲಸವಿಲ್ಲದ ಮಾಲು ಬಿಸಿಲಿನಲ್ಲಿ ಯಾಕಿರಬೇಕು? ಆದರೆ ಎದುರು ತೊಟ್ಟಿಲಿಗೆ ಯಾರೂ ಬರಲಿಲ್ಲ. ಸಾಹೇಬರು ಕೆಳಗಿದ್ದಾಗ ಎದುರಿನವನು ಮೇಲಿರುತ್ತಾನಲ್ಲ!

"ಸಾಹೇಬ್ರ ತಲೆ ಮ್ಯಾಲೆ ಕಾಲು ಇಳಿಬಿಟ್ಕೊಂಡು ಕುಂತ್ಕೊಳ್ಳಾದಾ?" ಎಂದ ಒಬ್ಬ ರೈತ. "ನಾಳೆ ನನ್ ಹೊಲದ ಪಟ್ಟಾ ಗತಿ?"

ಮೇಸ್ತ್ರಿ ಒಂದು ದಾರಿ ಹೇಳಿದ. ಮೊದಲು ನಾಲ್ವರೂ ನೂಕಿ ಸಾಹೇಬರನ್ನು ಮೇಲೇರಿಸುವುದು, ಆಮೇಲೆ ಆ ನಾಲ್ವರೇ ಕೆಳಗಿನ ತೊಟ್ಟಿಲಲ್ಲಿ ಕೂರುವುದು. ಸಾಹೇಬರು ಮೇಲೆ, ಕೂಲಿಗಳು ಕೆಳಗೆ, ಯಾರ ಮರ್ಯಾದೆಗೂ ಕುಂದಿಲ್ಲ. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಅಲ್ಲಿಯವರೆಗೆ ಎದುರಿಗೆ ಕೂರುತ್ತಿದ್ದದ್ದು ಶೇಂಗಾ, ತಿರುಗಿಸುವವರು ಹೊರಗೇ ಇರುತ್ತಿದ್ದರು. ಹಾಗಾಗಿ ಒಂದು ವಿಷಯ ಯಾರ ತಲೆಗೂ ಹೊಳೆಯಲಿಲ್ಲ.

ನೂಕಿದರು, ಮುಕ್ಕರಿದರು, ಸಾಹೇಬರು ತುದಿಗೆ ಹೋದರು. ನಾಲ್ವರೂ ಕೆಳಗಿನ ತೊಟ್ಟಿಲಲ್ಲಿ ಒಬ್ಬರಾದ ಮೇಲೊಬ್ಬರು ಕೂತರು. ರಾಟೆ ಸಮವಾಗಿ ನಿಂತಿತು. ನಿಂತೇ ಇತ್ತು.

"ತಿರುಗಿಸ್ರಯ್ಯಾ!" ಎಂದರು ಮೇಲಿನಿಂದ.

"ಯಾರು ಸ್ವಾಮಿ?" ಎಂದ ಮೇಸ್ತ್ರಿ ಕೆಳಗಿನಿಂದ.

"ಯಾರು ಅಂದರೆ? ನೀವೇ!"

"ನಾವು ಇಲ್ಲಿ ಕುಂತಿದ್ದೀವಲ್ಲ ಸ್ವಾಮಿ."

"ಹಾಗಾದರೆ ಇಳೀರಿ!"

"ನಾವಿಳಿದ್ರೆ ನೀವೂ ಇಳೀತೀರಿ ಸ್ವಾಮಿ. ಒಂದೇ ಸಲ."

ಸಾಹೇಬರು ಒಮ್ಮೆ ಬಗ್ಗಿ ನೆಲ ನೋಡಿದರು. ಆಮೇಲೆ ಬಹಳ ಮೆತ್ತಗೆ, "ಕೂತ್ಕೊಳ್ಳಿ. ಯಾರೂ ಅಲ್ಲಾಡಬೇಡಿ" ಎಂಬ ಮಾತು ಬಂತು.

ಜನ ಕೈ ಹಚ್ಚಿದ್ದರೆ ತಿರುಗುತ್ತಿತ್ತು. ಆದರೆ ಏನಾದರೂ ಆದರೆ ಮುಟ್ಟಿದವನ ಕೈಗೇ ಕೋಳ ಎಂದು ಎಲ್ಲರೂ ಹತ್ತು ಮಾರು ಹಿಂದೆ ಸರಿದರು. ಸಾಹೇಬರ ಜೊತೆ ಬಂದಿದ್ದ, ಹೆಗಲಿಗೆ ಬಿಲ್ಲೆಪಟ್ಟಿಯ ಡವಾಲಿ ಹಾಕಿದ್ದ ಜವಾನನನ್ನು ಕರೆದೆ. "ನಂಗೆ ಪಿಂಚಣಿ ಹತ್ರ ಬಂದೈತೆ" ಎಂದು ಅವನೂ ಸರಿದ. ನಾನು? ನಾನು ಯಜಮಾನ. ಏನಾದರೂ ಆದರೆ ಕೋರ್ಟಿನಲ್ಲಿ ನಿಲ್ಲುವುದಕ್ಕೆ ಕೈ ಖಾಲಿ ಇರಬೇಕು. ಮೂಟೆ ವಾಪಸು ತರಲು ಆಳು ಓಡಿಸಿದೆ.

ಮೇಸ್ತ್ರಿಯ ಮುಖ ಬೆಳ್ಳಗಾಗಿತ್ತು. "ಸಾವ್ಕಾರ್ರೆ, ಇವ್ರು ಬಿದ್ರೆ ಜಲ್ಲಿ ಕೆಲ್ಸಾನೂ ಇಲ್ಲ, ನೇಣೇ ಗತಿ" ಎಂದ. ಮತ್ತೆ ಮೂಗು ಹಿಡಿದುಕೊಂಡು, "ಅಯ್ಯೋ, ಸೀನು ಬತ್ತೈತೆ!" ಎಂದ.

"ತಡ್ಕೋ!" ಎಂದು ಸಾಹೇಬರು ಮೇಲಿನಿಂದ ಚೀರಿದರು. "ತಡ್ಕೊಳ್ಳೋ ನಮ್ಮಪ್ಪಾ! ನಿನ್ನ ಕಾಲಿಗೆ ಬೀಳ್ತೀನಿ!"

"ನೀವು ಬೀಳಬ್ಯಾಡಿ ಸ್ವಾಮಿ, ತಡ್ಕಂತೀನಿ" ಎಂದ ಮೇಸ್ತ್ರಿ, ತಡೆದುಕೊಂಡ.

ಬಂಡಿ ಬರುವಷ್ಟರಲ್ಲಿ ರಾಟೆಯ ನೆರಳು ಸೌತೆಕಾಯಿ ಮಾರುವವಳ ಬುಟ್ಟಿ ದಾಟಿತ್ತು. ಮೂಟೆ ಇಳಿಸಿ, ನಾನು ಕತ್ತೆತ್ತಿ ಕೇಳಿದೆ:

"ಸಾಹೇಬ್ರ, ಮೂಟಿ ಹಾಕಬಹುದೇನ್ರಿ? ಕಾನೂನಾಗ ಇಲ್ಲ ಅಂದಿದ್ರಿ."

"ಹಾಕಯ್ಯಾ!"

ಒಬ್ಬ ಇಳಿದ ಹಾಗೆ ಅವನ ಜಾಗಕ್ಕೆ ಅವನ ತೂಕದಷ್ಟೇ ಶೇಂಗಾ ಹಾಕಿದೆವು. ನಾಲ್ವರೂ ಹೊರಬಂದು, ಹೆಣ ಇಳಿಸುವಷ್ಟು ನಿಧಾನವಾಗಿ ಅವರನ್ನು ಇಳಿಸಿದರು. ಎಲ್ಲರೂ ಅವರ ಬಾಯಿಯನ್ನೇ ನೋಡುತ್ತಿದ್ದರು. ಮೇಸ್ತ್ರಿ ಕೈ ಮುಗಿದು ನಿಂತಿದ್ದ. ಬೇಡ ಎಂದರೆ, ಸಾಹೇಬರು ಹೆದರಿ ನಿಲ್ಲಿಸಿದರು ಎಂದು ಹತ್ತು ಹಳ್ಳಿ ದಾಟಿ ಗಡಿಯ ರತ್ನಗಿರಿಯ ತನಕ ಸುದ್ದಿ ಹೋಗುತ್ತದೆ. ಅದು ಅವರಿಗೂ ಗೊತ್ತಿತ್ತು. ಕಂಬ ಹಿಡಿದುಕೊಂಡೇ ಹೇಳಿದರು:

"ಗಟ್ಟಿ ಇದೆ. ದಪ್ಪಗಿರೋರು, ಹೆದರೋರು, ಯಾರು ಬೇಕಾದರೂ ಹತ್ತಬಹುದು. ನಡೆಸ್ಕೊಳ್ಳಿ."

ಮೇಸ್ತ್ರಿ ಕಣ್ಣು ಒರೆಸಿಕೊಂಡ. ಇದ್ದದ್ದು ಒಂದೇ, ಬೇಗ ಮುಗಿಯಿತು.

ಸಾಹೇಬರು ಜಟಕಾದ ಕಡೆ ಒಂದು ಹೆಜ್ಜೆ ಇಟ್ಟರು. ಕಾಲು ಬರಲಿಲ್ಲ. ಅಲ್ಲೇ ಕಂಬದ ಬುಡದಲ್ಲಿ ಕುಸಿದು ಕೂತು, ಎರಡೂ ಕೈಯಿಂದ ಅದನ್ನು ತಬ್ಬಿಕೊಂಡುಬಿಟ್ಟರು. ಎಬ್ಬಿಸಲು ಹೋದವರಿಗೆ ತಲೆ ಅಲ್ಲಾಡಿಸಿ ಬೇಡವೆಂದರು. ಜನ ಮೆಲ್ಲಗೆ ಸುತ್ತುವರಿದರು. ಒಬ್ಬ ಹೆಂಗಸು, "ಇದ್ಯಾಕ್ರಪ್ಪಾ, ಸಾಹೇಬ್ರು ನೆಲದ ಮ್ಯಾಲೆ ಕುಂತವ್ರೆ?" ಎಂದು ಕೇಳಿಯೇಬಿಟ್ಟಳು.

ಇಷ್ಟು ಹೊತ್ತು ಮರೆಯಲ್ಲಿದ್ದ ಜವಾನ ಆಗ ಮುಂದೆ ಬಂದ. ಡವಾಲಿ ನೆಟ್ಟಗೆ ಮಾಡಿಕೊಂಡು ಗದರಿದ:

"ದೂರ, ದೂರ! ಸಾಹೇಬ್ರು ಬುಡ ತನಿಖೆ ಮಾಡ್ತಾವ್ರೆ!"